ಬರಿಸಿದ ನೋವು, ಎಪಿಡ್ಯೂರಲ್ ಇಲ್ಲದ ಹೆರಿಗೆ

ಔಷಧಿ ಕೊಟ್ಟು ನೋವು ಬರಿಸಬೇಕು ಎಂದು ವೈದ್ಯರು ಹೇಳಿದಾಗ ಮಗುವಿಗೆ ತೊಂದರೆಯಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಆ ನೋವು ತಾನಾಗಿ ಬರುವ ನೋವಿಗಿಂತ ಹೇಗೆ ಬೇರೆ ಎಂದು ಕೇಳುವವರು ಕಡಿಮೆ. 41 ವಾರ ತುಂಬಿದರೂ ನೋವಿನ ಸುಳಿವಿಲ್ಲದ ಕಾರಣ ಉಡುಪಿಯ ಆಸ್ಪತ್ರೆಯೊಂದರಲ್ಲಿ ನನ್ನ ಹೆರಿಗೆ ಹೀಗೆ ಆಯಿತು. ಅಲ್ಲಿ ಎಪಿಡ್ಯೂರಲ್, ಅಂದರೆ ಬೆನ್ನಿನ ಮೂಲಕ ಔಷಧಿ ಕೊಟ್ಟು ನೋವು ತಗ್ಗಿಸುವ ಸೌಲಭ್ಯ ಇರಲಿಲ್ಲ.

ಗರ್ಭಕೋಶದ ಬಾಯಿ ಮೆತ್ತಗಾಗಲೆಂದು ಮೊದಲು ಜೆಲ್ ಇಟ್ಟರು. ಆಗ ಬರುವುದು ಮುಟ್ಟಿನ ಹೊಟ್ಟೆನೋವಿನಂಥ ಸಣ್ಣ ನೋವು. ಈ ಹಂತ ಗಂಟೆಗಟ್ಟಲೆ ನಡೆಯಬಹುದಾದ್ದರಿಂದ, ವೈದ್ಯರು ಬೇಡವೆನ್ನದಿದ್ದರೆ ಗಂಜಿ ಕುಡಿದು ನಿದ್ದೆ ಮಾಡುವುದೇ ಮೇಲು.

ನೀರು ಒಡೆದು, ಗರ್ಭಕೋಶ ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್ ಹಾರ್ಮೋನಿನ ಡ್ರಿಪ್ ಹಾಕಿದ ಮೇಲೆ ಚಿತ್ರ ಬದಲಾಗುತ್ತದೆ. ಸಹಜ ಹೆರಿಗೆಯಲ್ಲಿ ಈ ಹಾರ್ಮೋನು ಮೆದುಳಿನಿಂದ ಬಿಟ್ಟು ಬಿಟ್ಟು ರಕ್ತಕ್ಕೆ ಸೇರುವುದರಿಂದ ನೋವು ಮೆಲ್ಲನೆ ಏರಿ, ಮೈಗೂ ಮನಸ್ಸಿಗೂ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಡ್ರಿಪ್‌ನಲ್ಲಾದರೋ ಅದು ನಿರಂತರವಾಗಿ ಹರಿಯುತ್ತದೆ, ಆಗಾಗ ಪ್ರಮಾಣವನ್ನೂ ಏರಿಸುತ್ತಾರೆ. ನನಗೆ ಜೋರಾದ ನೋವುಗಳು ಬೇಗನೆ ಒಂದರ ಬೆನ್ನಿಗೆ ಒಂದು ಬಂದವು. ಇದು ನನ್ನ ಅಳುಕಿನಿಂದಲ್ಲ, ಔಷಧಿಯ ಗುಣದಿಂದ ಎಂದು ಮೊದಲೇ ತಿಳಿದಿದ್ದದ್ದು ನನಗೆ ದೊಡ್ಡ ಆಸರೆಯಾಯಿತು.

ಮಲಗಿದ್ದಾಗ ಸೊಂಟದ ನೋವು ತಡೆಯಲಾಗುತ್ತಿರಲಿಲ್ಲ. ಮಗುವಿನ ಎದೆಬಡಿತ ನೋಡುವ ಬೆಲ್ಟ್ ಕಟ್ಟಿದ್ದರೂ ಮಂಚದ ಪಕ್ಕ ನಿಲ್ಲಲು ಅಡ್ಡಿಯಿಲ್ಲ ಎಂದರು. ಡ್ರಿಪ್ ಸ್ಟ್ಯಾಂಡ್ ಹಿಡಿದು ಮುಂದಕ್ಕೆ ಬಾಗಿ ಸೊಂಟವನ್ನು ನಿಧಾನವಾಗಿ ಆಡಿಸುತ್ತಾ, ಉಸಿರನ್ನು ಉದ್ದಕ್ಕೆ ಬಿಡುತ್ತಾ ಪ್ರತಿಯೊಂದು ನೋವನ್ನೂ ದಾಟಿದೆ. ನನ್ನ ಅತ್ತೆಯವರು ಅಂಗೈಯ ಬುಡದಿಂದ ಸೊಂಟದ ಕೆಳಭಾಗವನ್ನು ಬಲವಾಗಿ ಒತ್ತಿ ಹಿಡಿಯುತ್ತಿದ್ದರು. "ಇಲ್ಲಿಯಾ ಮಗಾ?" ಎಂದು ಕೇಳಿ ಜಾಗ ಸರಿಪಡಿಸಿಕೊಳ್ಳುತ್ತಿದ್ದ ಅವರ ಕೈಗಳು ಯಾವ ಮಾತಿಗಿಂತಲೂ ಹೆಚ್ಚು ಧೈರ್ಯ ಕೊಟ್ಟವು. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮದಲ್ಲಿಯೂ ಇದಕ್ಕೆ ಅವಕಾಶವಿದೆ. ಆದ್ದರಿಂದ ಇದನ್ನು ಕೇಳಲು ಸಂಕೋಚ ಬೇಡ.

ಬಾಯಿಬಿಟ್ಟು ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ಒಂದು ಹಂತದಲ್ಲಿ ನೋವಿನ ನಡುವೆ ಬಿಡುವೇ ಸಿಗದಂತಾಯಿತು. "ಸಿಸ್ಟರ್, ಮಧ್ಯೆ ಉಸಿರಾಡಲಿಕ್ಕೂ ಆಗ್ತಾ ಇಲ್ಲ" ಎಂದೆ. ಅವರು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ವೈದ್ಯರನ್ನು ಕೇಳಿ ಡ್ರಿಪ್ ತಗ್ಗಿಸಿದರು. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಬಾರಿ ಗರ್ಭಕೋಶ ಬಿಗಿಯುತ್ತಿದ್ದರೆ ಅದು ಅತಿಯಾಯಿತೆಂದೇ ಲೆಕ್ಕ. ಮಗುವಿಗೆ ಆಮ್ಲಜನಕ ಕಡಿಮೆಯಾಗಬಹುದು. ಆಕ್ಸಿಟೋಸಿನ್ ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲವಾದ್ದರಿಂದ ಡ್ರಿಪ್ ಇಳಿಸಿದರೆ ಬೇಗನೆ ಬಿಡುವು ಸಿಗುತ್ತದೆ. ಇದನ್ನು ಹೇಳುವುದು ದೂರಲ್ಲ, ವೈದ್ಯರಿಗೆ ಬೇಕಾದ ಮಾಹಿತಿ.

ಎಪಿಡ್ಯೂರಲ್ ಪಡೆದವರ ಹೆರಿಗೆ ನನ್ನದಕ್ಕಿಂತ ಕಡಿಮೆಯದು ಎಂದು ನಾನು ಎಂದೂ ಹೇಳಲಾರೆ. ಅದಕ್ಕೆ ಅರಿವಳಿಕೆ ತಜ್ಞರು ರಾತ್ರಿಯೂ ಸಿಗುವಂತಿರಬೇಕು, ಆದ್ದರಿಂದ ಎಂಟನೇ ತಿಂಗಳ ತಪಾಸಣೆಯಲ್ಲಿಯೇ ವಿಚಾರಿಸಿಕೊಳ್ಳಿ. ಇಲ್ಲವೆಂದಾದರೆ ನೋವು ತಗ್ಗಿಸುವ ಗ್ಯಾಸ್ ಅಥವಾ ಇಂಜೆಕ್ಷನ್ ಸಿಗುತ್ತದೆಯೇ, ಡ್ರಿಪ್ ಇರುವಾಗ ಎದ್ದು ನಿಲ್ಲಲು ಬಿಡುತ್ತಾರೆಯೇ ಎಂದು ಕೇಳಿ. ಜೊತೆಗೆ ಬರುವವರಿಗೆ ಸೊಂಟ ಒತ್ತುವ ಜಾಗವನ್ನು ಮನೆಯಲ್ಲೇ ತೋರಿಸಿಕೊಡಿ. ನೋವು ಏರಿದ ಮೇಲೆ ಅದನ್ನು ವಿವರಿಸಿ ಹೇಳಲು ಆಗುವುದಿಲ್ಲ.