ಎಎನ್‌ಎಂ ಆದ ಮೇಲೆ ಜಿಎನ್‌ಎಂ ಓದಬೇಕೋ, ಬಿಎಸ್ಸಿ ನರ್ಸಿಂಗೋ?

ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ತರಬೇತಿ) ಮುಗಿಸಿ ಸಬ್ ಸೆಂಟರಿನಲ್ಲೋ, ತೋಟದ ಆಸ್ಪತ್ರೆಯಲ್ಲೋ, ವಿರಾಜಪೇಟೆ, ಕುಶಾಲನಗರದ ನರ್ಸಿಂಗ್ ಹೋಮುಗಳಲ್ಲೋ ದುಡಿಯುತ್ತಿರುವವರಿಗೆ ಒಂದು ಹಂತದಲ್ಲಿ ಸ್ಟಾಫ್ ನರ್ಸ್ ಆಗಬೇಕು ಅನ್ನಿಸುತ್ತದೆ. ಆಗ ಹೆಚ್ಚಿನವರು ಮೊದಲು ಕೇಳುವುದು ಯಾವ ಕಾಲೇಜು, ಫೀಸು ಎಷ್ಟು ಎಂದು. ಅದಕ್ಕೂ ಮುಂಚೆ ಪೆಟ್ಟಿಗೆಯಲ್ಲಿರುವ ಪಿಯುಸಿ ಮಾರ್ಕ್ಸ್ ಕಾರ್ಡ್ ಹೊರಗೆ ತೆಗೆಯಿರಿ. ನಿಮಗೆ ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಮುಕ್ಕಾಲು ಪಾಲು ಆ ಒಂದು ಹಾಳೆಯಲ್ಲೇ ಇದೆ.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ, ಆ ಮೂರೂ ಸೇರಿ ಶೇ. 45 ಅಂಕ ಇದ್ದು (ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40), ಇಂಗ್ಲಿಷಿನಲ್ಲಿ ಪಾಸಾಗಿದ್ದರೆ ನೇರ ಬಿಎಸ್ಸಿ ನರ್ಸಿಂಗಿಗೆ ಹೋಗಬಹುದು. ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಪಾಸಾದವರಿಗೆ ಆ ಬಾಗಿಲಿಲ್ಲ. ಅವರ ದಾರಿ ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಇಂಗ್ಲಿಷ್ ಸಹಿತ ಪಿಯುಸಿಯಲ್ಲಿ ಶೇ. 40 ಬಂದವರು ಯಾವ ವಿಭಾಗದವರಾದರೂ ಜಿಎನ್‌ಎಂ ಸೇರಬಹುದು. ನೋಂದಣಿ ಇರುವ ಎಎನ್‌ಎಂಗಳಿಗೆ ಇನ್ನೂ ಸಲೀಸು, ಪಾಸ್ ಅಂಕವಿದ್ದರೆ ಸಾಕು.

ವಯಸ್ಸಿನ ವಿಷಯ ಹಲವರಿಗೆ ಗೊತ್ತೇ ಇಲ್ಲ. ಜಿಎನ್‌ಎಂಗೆ 17ರಿಂದ 35 ವರ್ಷ ಎಂಬ ಮಿತಿ ಇದ್ದರೂ ಎಎನ್‌ಎಂ ಆದವರಿಗೆ ಅದು ಅನ್ವಯಿಸುವುದಿಲ್ಲ. ಬಿಎಸ್ಸಿಗೆ 35ರ ಮಿತಿ ಇದೆ, ಎಎನ್‌ಎಂ ಎಂಬ ಕಾರಣಕ್ಕೆ ಅಲ್ಲಿ ವಿನಾಯಿತಿ ಇಲ್ಲ. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಓದುವ ಮನಸ್ಸು ಮಾಡುವವರು ನಮ್ಮಲ್ಲಿ ಬಹಳ. ನಲವತ್ತರ ಹತ್ತಿರ ಬಂದವರು ‘ಇನ್ನು ನಮಗೆಲ್ಲಿ’ ಎಂದು ಕೈಬಿಡುವುದು ಬೇಡ. ಜಿಎನ್‌ಎಂ ಬಾಗಿಲು ಅವರಿಗೆ ತೆರೆದೇ ಇದೆ.

ಈಗ ವರ್ಷದ ಲೆಕ್ಕ. ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ. ಎಎನ್‌ಎಂ ಓದಿದವರಿಗೆ ಜಿಎನ್‌ಎಂನಲ್ಲಿ ಒಂದು ವರ್ಷ ಮಾಫಿ, ನೇರ ಎರಡನೇ ವರ್ಷಕ್ಕೆ ಪ್ರವೇಶ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅಂಥ ವ್ಯವಸ್ಥೆ ಇಲ್ಲ. ಹತ್ತು ವರ್ಷ ಹೆರಿಗೆ ಮಾಡಿಸಿದ ಸಿಸ್ಟರ್ ಆದರೂ ಮೊದಲ ವರ್ಷದ ಬೆಂಚಿನಲ್ಲೇ ಕೂರಬೇಕು. ಜಿಎನ್‌ಎಂ ಮುಗಿಸಿ ನೋಂದಣಿ ಆದ ಮೇಲೆ ಪದವಿ ಬೇಕೆಂದರೆ ಪೋಸ್ಟ್ ಬೇಸಿಕ್ ಬಿಎಸ್ಸಿ, ಅದು ಇನ್ನೆರಡು ವರ್ಷ. ಅಲ್ಲಿಗೆ ಒಟ್ಟು ಐದಾಯಿತು. ನೇರ ಬಿಎಸ್ಸಿ ನಾಲ್ಕೇ ವರ್ಷ, ಎಂಟು ಸೆಮಿಸ್ಟರ್. ವಿಜ್ಞಾನ ಓದಿ ಅಂಕವೂ ಇರುವ ಇಪ್ಪತ್ತರ ಹುಡುಗಿ ‘ಎಎನ್‌ಎಂ ಆದ ಮೇಲೆ ಜಿಎನ್‌ಎಂ ತಾನೇ’ ಎಂದು ಮೂರು ವರ್ಷದ ಕೋರ್ಸಿಗೆ ಸೇರಿ, ಆಮೇಲೆ ಪೋಸ್ಟ್ ಬೇಸಿಕ್ಕಿಗೆ ಅಲೆಯುವುದು ವ್ಯರ್ಥ. ಅಂಥವರು ಸಿಇಟಿ ಬರೆದು ಬಿಎಸ್ಸಿಗೇ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿ ಮೂಲಕ ಹಂಚಿಕೆಯಾಗುತ್ತಿದೆ. ಭೌತ, ರಸಾಯನ, ಜೀವಶಾಸ್ತ್ರ ತಲಾ 60 ಅಂಕ, ಪ್ರತಿ ಪತ್ರಿಕೆಗೆ 80 ನಿಮಿಷ. ಪಿಯುಸಿ ಬಿಟ್ಟು ಮೂರ್ನಾಲ್ಕು ವರ್ಷ ಆದವರು ಜೀವಶಾಸ್ತ್ರದಿಂದಲೇ ಶುರು ಮಾಡುವುದು ಒಳ್ಳೆಯದು, ಎಎನ್‌ಎಂನಲ್ಲಿ ಓದಿದ್ದು ಅಲ್ಲಿ ಕೈಹಿಡಿಯುತ್ತದೆ. ನಮ್ಮ ಕೊಡಗು ಜಿಲ್ಲೆಯ ಗಡಿಯ ಮಕ್ಕಳಿಗೆ ಒಂದು ಕಿವಿಮಾತು: ಪಿಯುಸಿಯನ್ನು ಕಣ್ಣೂರು, ವಯನಾಡಿನ ಕಡೆ ಓದಿದವರು ಅರ್ಜಿ ತುಂಬುವ ಮೊದಲು, ಕರ್ನಾಟಕದಲ್ಲಿ ಏಳು ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರವನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿಯೊಂದಿಗೆ ಮಾಡಿಸಿಕೊಳ್ಳಿ. ದಾಖಲೆ ಪರಿಶೀಲನೆಯ ಹೊತ್ತಿಗೆ ಓಡಾಡಿದರೆ ಮಳೆಗಾಲದ ರಜೆಯಲ್ಲಿ ಶಾಲೆ ಬಾಗಿಲು ಹಾಕಿರುತ್ತದೆ.

ಕಲಾ ವಿಭಾಗದವರಿಗೆ ಬಿಎಸ್ಸಿಯೇ ಬೇಕೆಂಬ ಹಟವಿದ್ದರೆ ಎನ್‌ಐಒಎಸ್ ಎಂಬ ಮುಕ್ತ ಶಾಲೆಯಲ್ಲಿ ವಿಜ್ಞಾನ ವಿಷಯಗಳನ್ನೂ ಇಂಗ್ಲಿಷನ್ನೂ ತೆಗೆದುಕೊಂಡು ಮತ್ತೆ ಹನ್ನೆರಡನೇ ತರಗತಿ ಪಾಸು ಮಾಡುವ ದಾರಿ ಇದೆ. ನಿಯಮದಲ್ಲಿ ಅದಕ್ಕೆ ಜಾಗ ಇದೆ. ಆದರೆ ಹತ್ತನೇ ತರಗತಿಯ ವಿಜ್ಞಾನದಲ್ಲೇ ತಿಣುಕಿದವರಿಗೆ ಇದನ್ನು ಹೇಳಲಾರೆ. ಡ್ಯೂಟಿ ಮಾಡಿಕೊಂಡು ಮನೆಯಲ್ಲಿ ಕೂತು ಭೌತಶಾಸ್ತ್ರ ಓದಿ, ಆಮೇಲೆ ಸಿಇಟಿಯಲ್ಲೂ ರ‍್ಯಾಂಕ್ ತರುವುದು ಸಣ್ಣ ಕೆಲಸವಲ್ಲ. ಹೋಗುವುದಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಅರ್ಹತೆಯ ಬಗ್ಗೆ ಮೊದಲೇ ಲಿಖಿತ ಉತ್ತರ ತರಿಸಿಕೊಳ್ಳಿ.

ಜಿಎನ್‌ಎಂ ಎಂದರೆ ಅರ್ಧ ನರ್ಸ್ ಎಂಬ ಮಾತು ಊರಲ್ಲಿ ಓಡಾಡುತ್ತದೆ. ಅದು ತಪ್ಪು. ಜಿಎನ್‌ಎಂ ಆಗಲಿ ಬಿಎಸ್ಸಿ ಆಗಲಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಸಿಗುವುದು ಒಂದೇ ನೋಂದಣಿ: ನೋಂದಾಯಿತ ನರ್ಸ್ ಮತ್ತು ನೋಂದಾಯಿತ ಮಿಡ್‌ವೈಫ್. ಎಎನ್‌ಎಂಗಳ ನೋಂದಣಿ ಬೇರೆ. ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಗೆ ಜಿಎನ್‌ಎಂನವರೂ ಅರ್ಜಿ ಹಾಕಬಹುದು. ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿಯ ನಾರ್ಸೆಟ್ ಪರೀಕ್ಷೆಗೂ, 50 ಹಾಸಿಗೆಗಿಂತ ಕಡಿಮೆ ಇಲ್ಲದ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದ ಜಿಎನ್‌ಎಂಗಳು ಅರ್ಹರು. ಎಂಎಸ್ಸಿ, ಕಾಲೇಜಿನಲ್ಲಿ ಪಾಠ, ಕೆಲವು ದೇಶಗಳಲ್ಲಿ ಕೆಲಸ ಎಂದು ಮುಂದೆ ನೋಡುವವರಿಗೆ ಮಾತ್ರ ಪದವಿ ಬೇಕೇ ಬೇಕು. ಜಿಎನ್‌ಎಂ ಮುಚ್ಚಿಹೋಗುತ್ತದೆ ಎಂಬ ಸುದ್ದಿಯೂ ಆಗಾಗ ಏಳುತ್ತದೆ. ನಿಲ್ಲಿಸುವ ಮಾತು ಕೆಲವು ವರ್ಷಗಳ ಹಿಂದೆ ನಡೆದದ್ದು ನಿಜ, ಆದರೆ ಕೋರ್ಸು ಮುಂದುವರಿದಿದೆ. 1947ರ ಶುಶ್ರೂಷಾ ಪರಿಷತ್ತು ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿರುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನು ಓದಿಯೇ ಹಣ ಕಟ್ಟಿ.

ಇನ್ನು ಓದಿನ ಕಷ್ಟ. ಸಮುದಾಯ ಆರೋಗ್ಯ, ಹೆರಿಗೆ, ಲಸಿಕೆ, ತಾಯಿ ಕಾರ್ಡ್, ಮನೆ ಭೇಟಿ ಇವುಗಳಲ್ಲಿ ಎಎನ್‌ಎಂಗಳು ತರಗತಿಯ ಉಳಿದವರಿಗಿಂತ ಬಹಳ ಮುಂದಿರುತ್ತಾರೆ. ತೋಟ ಕಾರ್ಮಿಕರ ಲೈನ್ ಮನೆಗಳಲ್ಲಿ, ಆದಿವಾಸಿ ಹಾಡಿಗಳಲ್ಲಿ ಬಾಣಂತಿಯನ್ನು ಹುಡುಕಿಕೊಂಡು ಹೋದ ಅನುಭವ ಯಾವ ಪುಸ್ತಕದಲ್ಲೂ ಸಿಗದು. ಕಾಲು ಜಾರುವುದು ಎರಡು ಕಡೆ. ಮೊದಲ ವರ್ಷದ ಅಂಗರಚನೆ, ಶರೀರಕ್ರಿಯೆ: ಕನ್ನಡದಲ್ಲಿ ಕಲಿತು ಬಂದವರು ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕು. ಸೇರುವ ಮೂರು ತಿಂಗಳು ಮೊದಲೇ ದಿನಕ್ಕೊಂದು ಅಂಗದ ಚಿತ್ರ ಬರೆದು ಹೆಸರು ಗುರುತಿಸುವ ಅಭ್ಯಾಸ ಇಟ್ಟುಕೊಂಡರೆ ಅರ್ಧ ಭಾರ ಇಳಿಯುತ್ತದೆ. ಎರಡನೇ ವರ್ಷದ ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ಇನ್ನೊಂದು ಕಡೆ. ಸಬ್ ಸೆಂಟರಿನಲ್ಲಿ ಡೋಸ್ ಲೆಕ್ಕ ಹಾಕುವ ಪ್ರಸಂಗ ಕಡಿಮೆ, ವಾರ್ಡಿನಲ್ಲಿ ಗಂಟೆಗೊಮ್ಮೆ ಹಾಕಬೇಕು.

ಉದಾಹರಣೆಗೆ 500 ಮಿ.ಲೀ. ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು ಎಂದು ಡಾಕ್ಟರ್ ಬರೆದಿದ್ದಾರೆ. ಕೈಲಿರುವ ಡ್ರಿಪ್ ಸೆಟ್ಟಿನಲ್ಲಿ ಒಂದು ಮಿ.ಲೀ.ಗೆ 20 ಹನಿ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಅದೇ ಮಕ್ಕಳ ಮೈಕ್ರೋ ಡ್ರಿಪ್ ಸೆಟ್ ಆದರೆ ಮಿ.ಲೀ.ಗೆ 60 ಹನಿ, ಅಲ್ಲಿ ನಿಮಿಷಕ್ಕೆ 125. ಸೆಟ್ಟಿನ ಕವರ್ ನೋಡದೆ ಅಭ್ಯಾಸಬಲದಿಂದ 42 ಹನಿಗೆ ಇಟ್ಟರೆ ನಾಲ್ಕು ಗಂಟೆಯ ಸಲೈನ್ ಹನ್ನೆರಡು ಗಂಟೆ ಓಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ವಿಷಯ ಇನ್ನೂ ಸೂಕ್ಷ್ಮ. ಒಂದೇ ಅಳತೆಯ 5 ಮಿ.ಲೀ. ಬಾಟಲಿ ಎರಡು ಬಲದಲ್ಲಿ ಬರುತ್ತದೆ. ಒಂದರಲ್ಲಿ ಮಿ.ಲೀ.ಗೆ 1,000 ಯೂನಿಟ್, ಇನ್ನೊಂದರಲ್ಲಿ 5,000. ಐದು ಸಾವಿರ ಯೂನಿಟ್ ಕೊಡಬೇಕೆಂದರೆ ಮೊದಲನೆಯದರಲ್ಲಿ ಪೂರ್ತಿ 5 ಮಿ.ಲೀ., ಎರಡನೆಯದರಲ್ಲಿ ಬರೀ 1 ಮಿ.ಲೀ. ಅದಲುಬದಲಾದರೆ ರೋಗಿಗೆ ಐದು ಪಟ್ಟು ಹೋಗಿ ರಕ್ತಸ್ರಾವ ಆಗಬಹುದು. ಈ ಲೆಕ್ಕಗಳನ್ನು ತಲೆಯಲ್ಲಿ ಹಾಕಬೇಡಿ, ಹಾಳೆಯ ಮೇಲೆ ಬರೆದು ಇನ್ನೊಬ್ಬರಿಗೆ ತೋರಿಸಿಯೇ ಔಷಧಿ ಎಳೆಯುವ ಅಭ್ಯಾಸ ವಿದ್ಯಾರ್ಥಿ ದೆಸೆಯಲ್ಲೇ ಬರಬೇಕು.

ಹಾಗಾಗಿಯೇ ‘ಕೆಲಸ ಬಿಡಬೇಡಿ, ಪರೀಕ್ಷೆಗೆ ಬಂದರೆ ಸಾಕು, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಏಜೆಂಟರ ಮಾತು ಕೇಳಿದಾಗ ಸಿಟ್ಟು ಬರುತ್ತದೆ. ಜಿಎನ್‌ಎಂ, ಬಿಎಸ್ಸಿ ಎರಡೂ ಪೂರ್ಣಾವಧಿ ಕೋರ್ಸು. ಪರೀಕ್ಷೆಗೆ ಕೂರಲು ತರಗತಿಯಲ್ಲೂ ವಾರ್ಡಿನಲ್ಲೂ ಶೇ. 80 ಹಾಜರಾತಿ ಬೇಕು, ಪ್ರಮಾಣಪತ್ರ ಕೈಗೆ ಬರುವ ಮೊದಲು ಪ್ರಾಯೋಗಿಕ ಅವಧಿ ಶೇ. 100 ತುಂಬಿರಬೇಕು. ಸುಳ್ಳು ಹಾಜರಾತಿಯಲ್ಲಿ ಪಾಸಾದವರ ಕೈಗೆ ನೈಟ್ ಡ್ಯೂಟಿಯಲ್ಲಿ ಮೂವತ್ತು ರೋಗಿಗಳನ್ನು ಒಪ್ಪಿಸಿದರೆ ಏನಾಗುತ್ತದೆ ಎಂದು ಯೋಚಿಸಿ. ಆರು ತಿಂಗಳ ‘ನರ್ಸಿಂಗ್ ಅಸಿಸ್ಟೆಂಟ್’, ‘ಬೆಡ್‌ಸೈಡ್ ಅಟೆಂಡೆಂಟ್’ ಕೋರ್ಸುಗಳನ್ನೂ ಇದೇ ಬಾಯಲ್ಲಿ ಮಾರುತ್ತಾರೆ. ರೋಗಿ ನೋಡಿಕೊಳ್ಳುವ ಕೆಲಸಕ್ಕೆ ಅವು ಸರಿಯೇ, ಆದರೆ ನರ್ಸ್ ನೋಂದಣಿಗೂ ಅವಕ್ಕೂ ಸಂಬಂಧವಿಲ್ಲ. ಜಿಎನ್‌ಎಂ ಪ್ರವೇಶದಲ್ಲೂ ಎಎನ್‌ಎಂಗೆ ಸಿಗುವ ರಿಯಾಯಿತಿ ಅವಕ್ಕೆ ಸಿಗುವುದಿಲ್ಲ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಮರುಳಾಗದೆ ಆಸ್ಪತ್ರೆ ಎಲ್ಲಿದೆ ಎಂದು ಕೇಳಿ. ನಿಯಮದ ಪ್ರಕಾರ ಕಾಲೇಜಿಗೆ 100 ಹಾಸಿಗೆಯ ತನ್ನದೇ ಆಸ್ಪತ್ರೆ (ಪೇರೆಂಟ್ ಹಾಸ್ಪಿಟಲ್) ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಪ್ರಮಾಣ ಇರಬೇಕು. ಬೆಳಿಗ್ಗೆ ಹತ್ತರ ಹೊತ್ತಿಗೆ ವಾರ್ಡಿನಲ್ಲಿ ಒಂದು ಸುತ್ತು ಹಾಕಿ. ಹಾಸಿಗೆ ಖಾಲಿ ಬಿದ್ದು ಬಿಳಿ ಕೋಟಿನ ವಿದ್ಯಾರ್ಥಿಗಳೇ ಗುಂಪು ಗುಂಪಾಗಿ ನಿಂತಿದ್ದರೆ ಅಲ್ಲಿ ಕೈ ಪಳಗುವುದಿಲ್ಲ. ಮಕ್ಕಳ ವಾರ್ಡು, ಮಾನಸಿಕ ಆರೋಗ್ಯದ ಪೋಸ್ಟಿಂಗ್ ಎಲ್ಲಿ, ಎಷ್ಟು ವಾರ, ಹೋಗಿಬರುವ ಖರ್ಚು ಯಾರದು ಎಂಬುದನ್ನು ಸೀಟು ತೆಗೆದುಕೊಳ್ಳುವ ಮೊದಲೇ ಕೇಳಿ ತಿಳಿಯಿರಿ. ಕೊಡಗಿನವರು ಸಾಮಾನ್ಯವಾಗಿ ಮೈಸೂರು, ಸುಳ್ಯ, ಮಂಗಳೂರು ಕಡೆ ನೋಡುತ್ತಾರೆ. ಘಟ್ಟ ಇಳಿದು ಓದುವವರು ದಿನಾ ಓಡಾಡುವ ಲೆಕ್ಕ ಹಾಕಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಮಳೆಗೆ ತಪ್ಪಿದ ಹಾಜರಾತಿಗೂ ಶೇ. 80ರ ನಿಯಮವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ಹಾಸ್ಟೆಲ್ ಹಿಡಿಯಲೇಬೇಕು.

ಹಣದ ವಿಷಯದಲ್ಲಿ ಬ್ಯಾಂಕಿನ ಶಿಕ್ಷಣ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ. ನಾಲ್ಕು ಲಕ್ಷದವರೆಗೆ ಆಸ್ತಿ ಅಡವು ಬೇಡ. ಓದುವಾಗ ಕಂತು ಇಲ್ಲದಿದ್ದರೂ ಬಡ್ಡಿ ಬೆಳೆಯುತ್ತಿರುತ್ತದೆ ಎಂಬುದು ನೆನಪಿರಲಿ. ತೋಟ ಕಾರ್ಮಿಕರ ಮಕ್ಕಳಿಗೆ ಕಾಫಿ ಮಂಡಳಿ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ, ಕಾರ್ಮಿಕ ಕಲ್ಯಾಣ ಮಂಡಳಿಯದೂ ಇದೆ. ಎಸ್ಟೇಟ್ ಆಫೀಸಿನಲ್ಲಿ ವಿಚಾರಿಸಿ.

ಸರ್ಕಾರಿ ಕೆಲಸದಲ್ಲಿರುವ ಎಎನ್‌ಎಂಗಳು ಇನ್ನಷ್ಟು ಯೋಚಿಸಬೇಕು. ಕಾಯಂ ನೌಕರಿ ಇದ್ದರೆ ಇಲಾಖೆಯ ಅನುಮತಿ, ರಜೆಯ ಆದೇಶ ಕೈಗೆ ಬಂದ ಮೇಲೆಯೇ ಕಾಲೇಜಿಗೆ ಹಣ ಕಟ್ಟಿ. ಅಲ್ಲಿ ಮೇಲ್ವಿಚಾರಕಿಯ ಹುದ್ದೆಗೆ ಬಡ್ತಿಯ ಸಾಲೂ ಇದೆ. ಹದಿನೈದು ವರ್ಷ ಸೇವೆ ಆದವರಿಗೆ ಆಸ್ಪತ್ರೆಯ ಪಾಳಿ ಕೆಲಸಕ್ಕಿಂತ ಅದು ಹಿತವಾಗಬಹುದು. ಗುತ್ತಿಗೆಯಲ್ಲಿರುವವರು ಬಿಟ್ಟರೆ ಹುದ್ದೆ ಹೋಯಿತೆಂದೇ ಲೆಕ್ಕ, ಮೂರು ವರ್ಷ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ಮನೆಯವರ ಜೊತೆ ಕೂತು ಬರೆದು ನೋಡಿ.

ಕೊನೆಗೆ ಹೆಸರು. ನಮ್ಮ ಜಿಲ್ಲೆಯವರಿಗೆ ಇದು ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿಯಲ್ಲಿ ಒಕ್ಕದ (ಕೊಡವ ಮನೆತನದ) ಹೆಸರು ಬರೀ ಇನಿಷಿಯಲ್, ಆಧಾರದಲ್ಲಿ ಪೂರ್ತಿ, ಮದುವೆಯಾದ ಮೇಲೆ ಗಂಡನ ಒಕ್ಕದ ಹೆಸರು, ಎಎನ್‌ಎಂ ನೋಂದಣಿಯಲ್ಲಿ ಇನ್ನೊಂದು ಕಾಗುಣಿತ. ನರ್ಸುಗಳ ರಾಷ್ಟ್ರೀಯ ವಿಶಿಷ್ಟ ಸಂಖ್ಯೆ ಆಧಾರ್ ಬೆರಳಚ್ಚಿಗೆ ಜೋಡಣೆಯಾಗುವುದರಿಂದ ಈ ವ್ಯತ್ಯಾಸ ಅಲ್ಲೇ ಸಿಕ್ಕಿಬೀಳುತ್ತದೆ. ಪಾಸ್‌ಪೋರ್ಟ್, ಬೇರೆ ರಾಜ್ಯದ ಪರಿಷತ್ತಿನ ನೋಂದಣಿ ಎಲ್ಲೆಡೆ ಮತ್ತೆ ಕಾಡುತ್ತದೆ. ಕೋರ್ಸಿಗೆ ಸೇರುವ ಮೊದಲೇ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿರುವಂತೆ ಆಧಾರ್ ತಿದ್ದಿಸಿ, ಎಲ್ಲ ಅರ್ಜಿಯಲ್ಲೂ ಆ ಒಂದೇ ಹೆಸರು ಬರೆಯಿರಿ. ಎಎನ್‌ಎಂ ನೋಂದಣಿ ನವೀಕರಣ ಬಾಕಿ ಇದ್ದರೆ ಅದನ್ನೂ ಈಗಲೇ ಮುಗಿಸಿ, ಜಿಎನ್‌ಎಂ ಪ್ರವೇಶದಲ್ಲಿ ಚಾಲ್ತಿಯಲ್ಲಿರುವ ನೋಂದಣಿಯನ್ನೇ ಕೇಳುತ್ತಾರೆ. ಕಾಲೇಜಿಗೆ ಮೂಲ ದಾಖಲೆ ಒಪ್ಪಿಸುವಾಗ ಯಾವ ಯಾವ ಕಾಗದ ಕೊಟ್ಟಿರಿ ಎಂಬ ಪಟ್ಟಿಗೆ ಕಚೇರಿಯ ಮೊಹರು, ಸಹಿ ಹಾಕಿಸಿ ಒಂದು ಪ್ರತಿ ಮನೆಯಲ್ಲಿಡಿ.