ಮೂಲೆಯ ಆಟಗಾರ

ಇಂದು ಊಟದ ಬಿಡುವಿನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಹಳೆಯ ಪಂದ್ಯದ ತುಣುಕೊಂದು ಮೊಬೈಲ್‌ನಲ್ಲಿ ಸಿಕ್ಕಿತು.
ಎಲ್ಲರೂ ತಂಡದ ತಾರೆ ಟಿಮ್ ಡಂಕನ್ ಅವರನ್ನು ನೋಡುತ್ತಾರೆ. ನನ್ನ ಕಣ್ಣು ಮಾತ್ರ ಅಂಕಣದ ಮೂಲೆಯಲ್ಲಿದ್ದ ಬ್ರೂಸ್ ಬೋವೆನ್ ಮೇಲೆ.

ಮೂರು ಅಂಕದ ಗೆರೆ ಬುಟ್ಟಿಗೆ ಅತಿ ಹತ್ತಿರವಿರುವುದು ಆ ಮೂಲೆಯಲ್ಲೇ, 22 ಅಡಿ. ಎದುರಾಳಿಗಳು ಡಂಕನ್ ಮೇಲೆ ಮುಗಿಬಿದ್ದರೆ ಚೆಂಡು ಇತ್ತ ಬರುತ್ತಿತ್ತು. ಬೋವೆನ್ ಕಾದಿರುತ್ತಿದ್ದರು.

2002-03ರಲ್ಲಿ ಅವರ ಮೂರು ಅಂಕದ ಎಸೆತಗಳ ಯಶಸ್ಸು ಶೇ 44.1. ಅಮೆರಿಕದ ವೃತ್ತಿಪರ ಲೀಗ್ ಆದ ಇಡೀ ಎನ್‌ಬಿಎಯಲ್ಲಿ ಮೊದಲ ಸ್ಥಾನ.
ಅದೇ ಋತುವಿನಲ್ಲಿ, ಯಾರೂ ಅಡ್ಡ ಬಾರದ ಫ್ರೀ ಥ್ರೋಗಳಲ್ಲಿ ಶೇ 40.4!
ಎಷ್ಟು ಸಲ ಓದಿದರೂ ಬೆರಗಾಗುತ್ತದೆ. ಆ ಒಂದು ಜಾಗವನ್ನು ಅವರು ಅಷ್ಟೊಂದು ಪಳಗಿಸಿಕೊಂಡಿದ್ದರು.

ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1993ರಲ್ಲಿ, ಯಾವ ತಂಡವೂ ಅವರನ್ನು ಆರಿಸಿರಲಿಲ್ಲ. ಫ್ರಾನ್ಸ್‌ಗೆ ಹೋಗಿ ಆಡಿದರು. ಸ್ಪರ್ಸ್ ಸೇರುವಾಗ ವಯಸ್ಸು ಮೂವತ್ತು. ಆಮೇಲೆ 2003, 2005, 2007ರಲ್ಲಿ ತಂಡದೊಂದಿಗೆ ಎನ್‌ಬಿಎ ಪ್ರಶಸ್ತಿ. ಎದುರು ತಂಡದ ಅತ್ಯುತ್ತಮ ಆಟಗಾರನನ್ನು ತಡೆಯುವ ಕೆಲಸ ಸಾಮಾನ್ಯವಾಗಿ ಅವರದೇ. (ಒರಟಾಟದ ದೂರುಗಳೂ ಇದ್ದವು, ಅದನ್ನು ಮುಚ್ಚಿಡಲಾರೆ.)

2012ರಲ್ಲಿ ಸ್ಪರ್ಸ್ ಅವರ 12ನೇ ಸಂಖ್ಯೆಯ ಅಂಗಿಯನ್ನು ಗೌರವದಿಂದ ನಿವೃತ್ತಿಗೊಳಿಸಿತು, ಅಂದರೆ ಆ ಸಂಖ್ಯೆಯನ್ನು ಮತ್ತಾರಿಗೂ ಕೊಡುವುದಿಲ್ಲವೆಂದು. 2015ರಲ್ಲಿ ತಂಡಕ್ಕೆ ಬಂದ ಲಮಾರ್ಕಸ್ ಆಲ್ಡ್ರಿಜ್‌ಗೆ ಅದೇ ಸಂಖ್ಯೆ ಬೇಕಿತ್ತು. ಬೋವೆನ್ ಒಪ್ಪಿದರು. ಅವರ ಮೇಲಿನ ನನ್ನ ಅಭಿಮಾನ ಇಮ್ಮಡಿಯಾಗಿದ್ದು ಆಗಲೇ.