ಸ್ಪೀಡ್ ಆಮೇಲೆ, ಮೊದಲು ಎಲ್ಲಿ ಕಡಿಯುತ್ತೆ ಹೇಳಿ

ಶಾಲೆಗಳಿಗೆ ಫೈಬರ್ ಎಳೆಯುವ ಯಾವ ಮೀಟಿಂಗಿಗೆ ಹೋದರೂ ಮೊದಲು ಬರುವ ಪ್ರಶ್ನೆ ಒಂದೇ: ಎಷ್ಟು ಎಂಬಿಪಿಎಸ್ ಬರುತ್ತೆ? ನಾನು ಕಲಬುರಗಿಯಲ್ಲಿ ಕೂತು ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ರೂಟ್ ಪ್ಲಾನಿಂಗ್ ಮಾಡುವವನು. ನನ್ನ ಮಟ್ಟಿಗೆ ಅದು ಕೊನೆಯ ಪ್ರಶ್ನೆ. ಈ ಕೇಬಲ್ ಎಲ್ಲಿ ಕಡಿಯುತ್ತದೆ, ಕಡಿದರೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ, ಯಾರು ಹೋಗಿ ಜೋಡಿಸುತ್ತಾರೆ, ಇದನ್ನು ಮೊದಲು ಕೇಳಬೇಕು. ಕಡಿಯುವುದಂತೂ ಗ್ಯಾರಂಟಿ. ಕುಡಿಯುವ ನೀರಿನ ಪೈಪು, ರಸ್ತೆ ಅಗಲ ಮಾಡುವುದು, ಹೊಲಕ್ಕೆ ಬದು ಹಾಕುವುದು, ಏನೇ ಕೆಲಸ ಬಂದರೂ ಜೆಸಿಬಿ ಬರುತ್ತದೆ.

ವೇಗದ ಲೆಕ್ಕ ಬೇಗ ಮುಗಿಸುತ್ತೇನೆ. ನಾವು ಹಾಕುವುದು ಜಿಪಾನ್, ಅಂದರೆ ಒಂದೇ ಫೈಬರಿನ ಬೆಳಕನ್ನು ಹಲವು ಕಡೆ ಹಂಚುವ ವ್ಯವಸ್ಥೆ. ಅದರ ಒಂದು ಪೋರ್ಟಿನಲ್ಲಿ ಡೌನ್‌ಲೋಡ್ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್ 1.25. ಅದನ್ನು 32 ಕಡೆ ಹಂಚಿ, ಎಲ್ಲರೂ ಒಂದೇ ಹೊತ್ತಿಗೆ ಪೂರ್ತಿ ಎಳೆದರೂ ಒಬ್ಬೊಬ್ಬರಿಗೆ 75 ಎಂಬಿಪಿಎಸ್ ಆಸುಪಾಸು ಸಿಗುತ್ತದೆ. ಸ್ಮಾರ್ಟ್ ಕ್ಲಾಸಿನ ಒಂದು ವಿಡಿಯೊಗೆ 5 ಇದ್ದರೆ ಸಾಕು. ಹಳ್ಳಿ ಶಾಲೆಯಲ್ಲಿ ನೆಟ್ ನಿಂತಿದ್ದು ನೂರು ಕಾರಣಕ್ಕೆ ನೋಡಿದ್ದೇನೆ, ವೇಗ ಸಾಲದೆ ನಿಂತಿದ್ದು ನೋಡಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದ್ದು ಬೆಳಕಿನ ಲೆಕ್ಕಕ್ಕೆ. ಬಿ ಪ್ಲಸ್ ಕ್ಲಾಸಿನ ಆಪ್ಟಿಕ್ಸ್ (ಬೆಳಕು ಕಳಿಸುವ, ಹಿಡಿಯುವ ಭಾಗ) ಹಾಕಿದರೆ ಆ ತುದಿಯಿಂದ ಈ ತುದಿಗೆ 28 ಡಿಬಿ ತನಕ ಬೆಳಕು ಕಳೆದುಕೊಳ್ಳಬಹುದು. ಡಿಬಿ ಅಂದರೆ ಡೆಸಿಬಲ್, ಬೆಳಕಿನ ನಷ್ಟದ ಅಳತೆ. ತಾಲ್ಲೂಕು ಕೇಂದ್ರದಿಂದ 12 ಕಿಲೋಮೀಟರ್ ದೂರದ ಒಂದು ಶಾಲೆ ಅಂದುಕೊಳ್ಳಿ. ಮೊದಲು ಬೆಳಕನ್ನು ನಾಲ್ಕು ಕಡೆ ಹಂಚುವ ಸ್ಪ್ಲಿಟರ್, ಆಮೇಲೆ ಎಂಟರದ್ದು, ಎರಡೂ ಸೇರಿ ಸುಮಾರು 17.5 ಡಿಬಿ ನುಂಗುತ್ತವೆ. ಫೈಬರ್ ಕಿಲೋಮೀಟರಿಗೆ 0.35ರಂತೆ 4.2. ದಾರಿಯ ಜಾಯಿಂಟ್‌ಗಳಿಗೆ 0.6, ಕನೆಕ್ಟರ್‌ಗಳಿಗೆ 2 ಇಡಿ. ಒಟ್ಟು 24.3. ಕೈಯಲ್ಲಿ ಉಳಿಯುವುದು 3.7. ಸಾಕಲ್ವಾ ಅನಿಸುತ್ತದೆ.

ಮೊದಲ ದಿನಕ್ಕೆ ಸಾಕು. ಆದರೆ ಕೇಬಲ್ ಕಡಿದಾಗ ಎರಡು ತುದಿ ಒಂದಕ್ಕೊಂದು ಮುಟ್ಟುವುದಿಲ್ಲ, ಜೆಸಿಬಿ ಬಕೆಟ್ ಒಂದಿಷ್ಟು ಉದ್ದ ಎಳೆದು ಹಾಳು ಮಾಡಿರುತ್ತದೆ. ನಡುವೆ ಹೊಸ ತುಂಡು ಸೇರಿಸಬೇಕು, ಅಂದರೆ ಒಂದು ಕಡಿತಕ್ಕೆ ಎರಡು ಜಾಯಿಂಟ್. ಒಳ್ಳೆಯ ಜಾಯಿಂಟ್ 0.1ಕ್ಕಿಂತ ಕಡಿಮೆ ತಿನ್ನುತ್ತದೆ. ರಾತ್ರಿ ಮಳೆಯಲ್ಲಿ, ಕೆಸರಿನ ತೆಗ್ಗಿನ ಪಕ್ಕ ಕೂತು, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಮಾಡಿದ್ದು 0.3 ತಿಂದರೂ ಆಶ್ಚರ್ಯ ಇಲ್ಲ. ಹಾಗೆ ಐದಾರು ಸಲ ಕಡಿದರೆ ಉಳಿಸಿದ್ದೆಲ್ಲ ಖಾಲಿ. ಆಮೇಲೆ ನೆಟ್ ಪೂರ್ತಿ ನಿಂತರೂ ಪರವಾಗಿಲ್ಲ, ಬಂದು ಹೋಗಿ ಮಾಡಲು ಶುರುವಾಗುತ್ತದೆ. ಅದಕ್ಕಿಂತ ಕೆಟ್ಟ ಕಂಪ್ಲೇಂಟ್ ಇನ್ನೊಂದಿಲ್ಲ, ಏಕೆಂದರೆ ನೀವು ಹೋಗಿ ನಿಂತಾಗ ಅದು ಸರಿಯಾಗಿಯೇ ಇರುತ್ತದೆ.

ಅದಕ್ಕೇ ನಾನು ಪ್ರತಿ ಚೇಂಬರಿನಲ್ಲಿ (ಕೇಬಲ್ ದಾರಿಯಲ್ಲಿ ನೆಲದೊಳಗೆ ಕಟ್ಟುವ ಗುಂಡಿ) ಹತ್ತು ಹದಿನೈದು ಮೀಟರ್ ಕೇಬಲ್ ಸುತ್ತಿ ಬಿಡಿಸುತ್ತೇನೆ. ಹತ್ತಿರದಲ್ಲಿ ಕಡಿದರೆ ಅದನ್ನೇ ಎಳೆದುಕೊಂಡು ಒಂದೇ ಜಾಯಿಂಟಿನಲ್ಲಿ ಕೆಲಸ ಮುಗಿಯುತ್ತದೆ. ದೂರದ ಶಾಲೆಗಳಿಗೆ 32ರ ಬದಲು 16ಕ್ಕೇ ಹಂಚುತ್ತೇನೆ, ಇನ್ನೂ ಮೂರು ಡಿಬಿ ಹೆಚ್ಚು ಉಳಿಯುತ್ತದೆ. ಪೋರ್ಟ್ ವೇಸ್ಟ್ ಆಯ್ತು ಅಂತ ಪರ್ಚೇಸ್‌ನವರು ಗೊಣಗುತ್ತಾರೆ. ಗೊಣಗಲಿ.

ಮಣ್ಣಿನ ವಿಷಯ ಯಾವ ಟ್ರೇನಿಂಗಿನಲ್ಲೂ ಹೇಳಿಕೊಡಲಿಲ್ಲ. ಜೇವರ್ಗಿ, ಅಫಜಲಪುರ, ಶಹಾಪುರ ಕಡೆ ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಚೇಂಬರ್ ವಾಲುತ್ತದೆ, ಕಂಬ ವಾಲುತ್ತದೆ, ಕೇಬಲ್ ಹಾಯುವ ಪೈಪಿನ, ಅಂದರೆ ಡಕ್ಟಿನ, ಜೋಡಣೆ ಬಿಟ್ಟುಕೊಳ್ಳುತ್ತದೆ. ಟ್ರೆಂಚ್ ಮುಚ್ಚುವಾಗ ಪದರ ಪದರವಾಗಿ ದಮ್ಮಸ್ ಮಾಡದಿದ್ದರೆ ಮೊದಲ ಮಳೆಗೇ ಕುಸಿದು ರಸ್ತೆ ಪಕ್ಕ ಕಾಲುವೆಯಂತೆ ಕಾಣುತ್ತದೆ. ಮಳೆಗಾಲದಲ್ಲಿ ಅಗೆಯುವ ಮಾತೇ ಇಲ್ಲ, ಮಷೀನೇ ಹೂತುಹೋಗುತ್ತದೆ. ತೊಗರಿ ರಾಶಿ ಮುಗಿದ ಮೇಲೆ, ಜನವರಿಯಿಂದ ಮೇ ತನಕ ನಮಗೆ ಸಿಗುವ ಕಾಲ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಹೋದರೆ ಸ್ವಲ್ಪ ಕೆಳಗೇ ಸುಣ್ಣದ ಕಲ್ಲಿನ ಹಾಸು. ಡಕ್ಟು 1.65 ಮೀಟರ್ ಆಳಕ್ಕೆ ಹೋಗಬೇಕು ಅಂತ ಕಾಗದದಲ್ಲಿ ಬರೆಯುವುದು ಸುಲಭ, ಕಲ್ಲು ಒಡೆಯುವ ಬ್ರೇಕರಿಗೆ ಬಾಡಿಗೆ ಕೊಟ್ಟವರನ್ನು ಕೇಳಿ. ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆ, ಅಗೆಯಲು ಮೆತ್ತಗೆ, ಗಾಳಿಗೆ ಬಿದ್ದರೆ ಗಟ್ಟಿ. ಅಲ್ಲಿ ನೌಬಾದ್ ಸುತ್ತಮುತ್ತ ಬಹಮನಿ ಕಾಲದ ಕರೇಜ್, ಅಂದರೆ ನೀರಿನ ಸುರಂಗ, ನೆಲದಡಿ ಹಾದುಹೋಗಿದೆ. ಅಲ್ಲಿ ಪೆನ್ಸಿಲ್ ಗೆರೆಯನ್ನೇ ದೂರ ತಿರುಗಿಸಿಬಿಡುವುದು ಒಳ್ಳೆಯದು.

ಇನ್ನು ರಿಂಗ್, ಅಂದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ನೆಟ್ ಬರುವ ದುಂಡು ದಾರಿ. ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೇಂದ್ರದ ಭಾರತ್‌ನೆಟ್ ಯೋಜನೆ ಮೊದಲು ಬ್ಲಾಕಿನಿಂದ ಪಂಚಾಯಿತಿಗೆ ನೇರ ಒಂದೇ ಗೆರೆಯಲ್ಲಿ ಬಂತು. ಮಧ್ಯೆ ಒಂದು ಕಡೆ ಕಡಿದರೆ ಮುಂದಿನವರಿಗೆಲ್ಲ ಕತ್ತಲೆ. 2023ರಲ್ಲಿ ಒಪ್ಪಿಗೆ ಸಿಕ್ಕ ತಿದ್ದುಪಡಿ ಯೋಜನೆಯಲ್ಲಿ ರಿಂಗ್ ಬಂದಿದೆ, ಒಳ್ಳೆಯದೇ. ಆದರೆ ಡ್ರಾಯಿಂಗಿನಲ್ಲಿ ದುಂಡಗೆ ಕಾಣುವುದೆಲ್ಲ ರಿಂಗ್ ಅಲ್ಲ. ಹೋಗುವ ಕೇಬಲ್ಲೂ ಬರುವ ಕೇಬಲ್ಲೂ ಒಂದೇ ಟ್ರೆಂಚಿನಲ್ಲಿ, ಒಂದೇ ಸೇತುವೆ ಮೇಲೆ ಹಾದುಹೋದರೆ ಬಕೆಟ್ಟಿನ ಒಂದೇ ಏಟಿಗೆ ಎರಡೂ ಹೋಗುತ್ತವೆ. ನನ್ನ ಮುಂದೆ ಯಾರಾದರೂ ರಿಂಗ್ ಡ್ರಾಯಿಂಗ್ ಇಟ್ಟರೆ ನಾನು ಮೊದಲು ನೋಡುವುದು ಹಳ್ಳ ದಾಟುವ ಜಾಗ. ಎರಡು ದಾರಿಗೆ ಎರಡು ಬೇರೆ ಸೇತುವೆ ಇದೆಯೇ? 2020ರ ಅಕ್ಟೋಬರಿನಲ್ಲಿ ಭೀಮಾ ಹೇಗೆ ಬಂತು ಅಂತ ನದಿ ದಂಡೆಯವರು ಇನ್ನೂ ಮರೆತಿಲ್ಲ, ಜಾಯಿಂಟ್ ಬಾಕ್ಸ್ ಆ ನೀರಿನ ಗುರುತಿಗಿಂತ ಮೇಲೆ ಇರಬೇಕು. ಗೂಗಲ್ ಮ್ಯಾಪಿನಲ್ಲಿ ಇದು ಕಾಣುವುದಿಲ್ಲ. ನಡೆದು ಹೋದಾಗ ಕಟ್ಟೆ ಮೇಲೆ ಕೂತ ಯಾರೋ ಒಬ್ಬ ಹಿರಿಯರು ಹೇಳುತ್ತಾರೆ, "ಈ ಹಳ್ಳ ನೋಡ್ಲಿಕ್ಕ ಸಣ್ಣದು ಅದರಿ ಸಾಹೇಬ್ರ, ಮಳಿ ಜೋರ್ ಬಂತಂದ್ರ ರಸ್ತಿ ಮ್ಯಾಲೇ ಹರೀತದ." ಅಷ್ಟು ಸಾಕು, ರೂಟ್ ಬದಲು.

ಶಾಲೆಯ ಒಳಗೆ ಬಂದರೆ ಬೇರೆಯದೇ ಲೋಕ. ಫೈಬರ್ ಬಂದು ಸೇರುವ ಪೆಟ್ಟಿಗೆ, ಅಂದರೆ ಓಎನ್‌ಟಿ, ಇರುವುದು ಹೆಡ್‌ಮಾಸ್ತರ್ ರೂಮಿನಲ್ಲಿ, ಬೀಗ ಅವರ ಹತ್ತಿರ. ಸಂಜೆ ಶಾಲೆ ಬಿಟ್ಟ ಮೇಲೆ ಮೇನ್ ಸ್ವಿಚ್ ಇಳಿಸಿ ಹೋಗುತ್ತಾರೆ, ಅದು ಸರಿಯಾದ ಅಭ್ಯಾಸವೇ. ಆದರೆ ನಮ್ಮ ಕಂಟ್ರೋಲ್ ರೂಮಿನಲ್ಲಿ ಸಾಲಾಗಿ ಶಾಲೆಗಳು ಡೌನ್ ಅಂತ ತೋರಿಸುತ್ತದೆ. ಇಲ್ಲಿ ಜಿಪಾನ್ ಒಂದು ಉಪಕಾರ ಮಾಡಿದೆ. ಕರೆಂಟ್ ಹೋದಾಗ ಓಎನ್‌ಟಿ ಆರುವ ಮುಂಚೆ ಒಂದು ಕೊನೆಯ ಸಂದೇಶ ಕಳಿಸುತ್ತದೆ, ಡೈಯಿಂಗ್ ಗ್ಯಾಸ್ಪ್ ಅನ್ನುತ್ತಾರೆ. ಆ ಸಂದೇಶ ಬಂದು ಆರಿದರೆ ಕರೆಂಟು, ಏನೂ ಹೇಳದೆ ಮಾಯವಾದರೆ ಫೈಬರು. ಇದನ್ನು ನೋಡದೆ ವಾರಗಟ್ಟಲೆ ಗಾಡಿ ಓಡಿಸುವ ಟೀಮುಗಳಿವೆ, ಡೀಸೆಲ್ ಹೋಗಲಿ, ಟೀಮಿನ ಹುಡುಗರ ಸಿಟ್ಟು ಯಾರು ತಡೆಯುವುದು. ಮಾಸ್ತರರಿಗೆ ನಾವು ಹೇಳಿಕೊಡುವುದೂ ಇಷ್ಟೇ: ದೀಪವೇ ಇಲ್ಲ ಅಂದರೆ ಲೈನ್‌ಮ್ಯಾನ್‌ಗೆ ಫೋನ್ ಮಾಡಿ, ಲಾಸ್ (LOS, ಅಂದರೆ ಬೆಳಕು ಬರುತ್ತಿಲ್ಲ) ಅನ್ನುವ ಕಡೆ ಕೆಂಪು ದೀಪ ಬಂದರೆ ನಮಗೆ ಮಾಡಿ. ಆಮೇಲೆ ಅಲ್ಮಾರಿ ಬಾಗಿಲು. ಓಎನ್‌ಟಿಗೆ ಬರುವ ಹಳದಿ ಫೈಬರ್ ವೈರ್ ಬಾಗಿಲ ಸಂದಿಯಲ್ಲಿ ಸಿಕ್ಕಿ ಮಡಚಿದರೆ ಬೆಳಕು ಅಲ್ಲೇ ಸೋರುತ್ತದೆ. ಒಳಗಿನ ವೈರಿಂಗಿಗೆ ಬಾಗಿದರೂ ತಡೆಯುವ ಜಿ.657 ಫೈಬರ್ ಹಾಕಿಸಿ, ಹೊರಗಿನದ್ದನ್ನೇ ಒಳಗೂ ಎಳೆಯಬೇಡಿ.

ಅಗೆಯುವ ಮುಂಚೆ ತಿಳಿಸಲಿ ಅಂತ 2023ರಲ್ಲಿ ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿತು. ಹೆದ್ದಾರಿ ಕೆಲಸದವರಿಗೆ ಸರಿ. ಊರೊಳಗೆ ಪೈಪ್ ಒಡೆದಾಗ ಜೆಸಿಬಿ ಡ್ರೈವರ್ ಆ್ಯಪ್ ತೆರೆಯುತ್ತಾನಾ? ಅವನಿಗೆ ಎಲ್ಲಿ ಅಗೆಯಬೇಕು ಅಂತ ತೋರಿಸುವವರು ಪಂಚಾಯಿತಿ ವಾಟರ್‌ಮ್ಯಾನ್. ಊರಲ್ಲಿ ನಾಳೆ ಎಲ್ಲಿ ತೆಗ್ಗು ಬೀಳುತ್ತದೆ ಅಂತ ಇವತ್ತೇ ಗೊತ್ತಿರುವುದು ಅವರೊಬ್ಬರಿಗೆ. ಅದಕ್ಕೆ ಈಗ ಡಕ್ಟ್ ಹಾಕುವ ದಿನ ಅವರನ್ನು ಜೊತೆಗೆ ಕರೆದುಕೊಂಡು ಲೈನ್ ತೋರಿಸುತ್ತೇವೆ, ಪ್ರತಿ ಡ್ರಾಯಿಂಗಿನಲ್ಲೂ ಅವರ ನಂಬರ್ ಇರುತ್ತದೆ. ಆಫೀಸಿನ ಫಾರ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ. ರಿಮಾರ್ಕ್ಸಿನಲ್ಲಿ ಬರೆಯುತ್ತೇನೆ.